ದಂತದಾದಿಯ ಕಾಯಕ

(ಶ್ರೀಮಠದ ಮಹೋತ್ಸವದ ನಿಮಿತ್ತ ಹಲಗೇರಿಯಲ್ಲಿ ಸೇರಿದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಶ್ರೀಮಠದ ಮಹೋತ್ಸವದ ಈ ಶುಭ ಸಮಯದಲ್ಲಿ ಹೆಣ್ಣುಮಕ್ಕಳ ಉದ್ಯೋಗವನ್ನು ಕುರಿತು ಒಂದು ಗೋಷ್ಠಿಯನ್ನು ಏರ್ಪಡಿಸಿದ್ದು ಬಹಳ ಉಚಿತವಾಗಿದೆ. ಶಿಕ್ಷಕಿಯ ಕೆಲಸ, ಬ್ಯಾಂಕಿನ ಕೆಲಸ, ವೈದ್ಯವೃತ್ತಿ ಮೊದಲಾದ ದೊಡ್ಡ ಹೆಸರಿನ ಉದ್ಯೋಗಗಳನ್ನು ಕುರಿತು ಮಾತನಾಡಬಲ್ಲವರು ಅನೇಕರಿರುವರು. ನನಗೆ ಒಪ್ಪಿಸಿದ ವಿಷಯವಾದರೋ ಸಣ್ಣ ಹೆಸರಿನದು. ಹಲ್ಲಿನ ದವಾಖಾನೆಯಲ್ಲಿ ವೈದ್ಯರ ಮಗ್ಗುಲಲ್ಲಿ ನಿಂತು ಸೇವೆ ಸಲ್ಲಿಸುವ ದಂತದಾದಿಯ ಕೆಲಸವದು. ಇಂಥ ಮಾತು ಮಠದ ಮಂಟಪದಲ್ಲೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಲ್ಯಾಣದ ಶರಣರ ಸಭೆಯಲ್ಲಿ ದೋಣಿ ನಡಿಸುವ ಚೌಡಯ್ಯನವರೂ, ಚೆಲ್ಲಿದ ಅಕ್ಕಿಯನ್ನು ಆಯುವ ಲಕ್ಕಮ್ಮನವರೂ, ಭತ್ತ ಕುಟ್ಟುವ ಸೋಮಮ್ಮನವರೂ, ನೂಲು ತೆಗೆಯುವ ರೆಮ್ಮವ್ವೆಯವರೂ ಸಮನಾಗಿ ಕುಳಿತಿದ್ದರೆಂಬದನ್ನು ನೆನೆದರೆ ಆ ಸಂಶಯವು ನಿಲ್ಲಲಾರದು. ಅಷ್ಟೇ ಅಲ್ಲ, ಶರಣಧರ್ಮವನ್ನು ನಾವು ಬಾಯಿಂದ ಹೇಳುವೆವೋ ನಡತೆಯಲ್ಲಿ ತೋರುವೆವೋ ಎಂಬದನ್ನು ಒರೆಗಲ್ಲಿಗೆ ಹಚ್ಚುವ ಒಂದು ಗುಣವು ಈ ಕೆಲಸದಲ್ಲಿದೆ. ಅದು ಯಾವದೆಂಬದನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು.

ಮೊದಲು ನಮ್ಮ ಊರುಗಳ ಬಾಯಿಯ ಸ್ಥಿತಿಯನ್ನು ನೋಡೋಣ. ನಮ್ಮದು ಜೋಳದ ರೊಟ್ಟಿಯ ಸೀಮೆ. ಖಡಕ್ ರೊಟ್ಟಿಯನ್ನು ಮುರಿದು ಅಗಿಯುವ ಹಲ್ಲು ಇರುವ ತನಕ ಒಕ್ಕಲಿಗನಿಗೆ ಊಟದ ಚಿಂತೆಯಿಲ್ಲ. ಹಲ್ಲು ಹೋದ ಮೇಲೆ ಅದೇ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು ನುಂಗಬೇಕಾಗುವದು. ಶೇಂಗಾ ಬಿಡಬೇಕು, ಹಸಿ ಸವತಿಕಾಯಿ ಬಿಡಬೇಕು, ಕಡಲೆ ಬಿಡಬೇಕು. "ವಯಸ್ಸಾಯಿತು, ಹಲ್ಲು ಹೋದವು" ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಹಲ್ಲುಗಳು ಕೇವಲ ವಯಸ್ಸಿನಿಂದ ಹೋಗುವದಿಲ್ಲ. ಹುಳುಕಿನಿಂದಲೂ ವಸಡಿನ ರೋಗದಿಂದಲೂ ಹೋಗುವವು. ಇವೆರಡೂ ತಡೆಯಬಹುದಾದ ರೋಗಗಳು. ಹಲ್ಲಿನಲ್ಲಿ ಹುಳ ಬಿದ್ದಿದೆಯೆಂದು ಇಂದಿಗೂ ನಂಬುವವರಿದ್ದಾರೆ. ಅಲ್ಲಿ ಹುಳವೇನೂ ಇಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಲ್ಲಿಗೆ ಅಂಟಿದ ಸಿಹಿಯನ್ನು ಹುಳಿಯನ್ನಾಗಿ ಮಾರ್ಪಡಿಸುವವು. ಆ ಹುಳಿಯು ಹಲ್ಲಿನ ಗಟ್ಟಿಯಾದ ಹೊದಿಕೆಯನ್ನು ಸವೆಸಿ ತೂತು ಮಾಡುವದು. ಸಿಹಿ ತಿಂದಷ್ಟು ಸಲವೂ ಈ ಕೆಲಸ ನಡೆಯುವದು. ಆದುದರಿಂದ ಹಬ್ಬದ ದಿನ ಹೋಳಿಗೆಯುಂಡು ಬಾಯಿ ತೊಳೆಯುವ ಮಗುವಿಗಿಂತ ದಿನವೆಲ್ಲ ಪೆಪ್ಪರಮಿಂಟು ಚೀಪುವ ಮಗುವಿಗೆ ಹಾನಿ ಹೆಚ್ಚು.

ತಾಯಂದಿರು ನೆನಪಿನಲ್ಲಿಡತಕ್ಕ ಇನ್ನೊಂದು ಮಾತುಂಟು. ಮಗುವಿಗೆ ಹಾಲುಹಲ್ಲುಗಳು ೨೦. ಆರನೆಯ ವರ್ಷದ ಸುಮಾರಿಗೆ ಈ ಸಾಲಿನ ಹಿಂದೆ, ಯಾವ ಹಾಲುಹಲ್ಲೂ ಬೀಳದೆ, ಮೇಲೆ ಎರಡು ಕೆಳಗೆ ಎರಡು ದೊಡ್ಡ ದವಡೆಹಲ್ಲುಗಳು ಸದ್ದಿಲ್ಲದೆ ಹುಟ್ಟುವವು. ಹಳೆಯ ಹಲ್ಲು ಬೀಳದೆ ಬಂದುದರಿಂದ ತಾಯಿಯು ಇವನ್ನೂ ಹಾಲುಹಲ್ಲೆಂದೇ ಎಣಿಸುವಳು. ಹುಳುಕಾದರೆ "ಹೇಗೂ ಬಿದ್ದುಹೋಗುವ ಹಲ್ಲು" ಎಂದು ಬಿಟ್ಟುಬಿಡುವಳು. ಅದು ಬಿದ್ದುಹೋಗುವ ಹಲ್ಲಲ್ಲ. ಮುಪ್ಪಿನ ತನಕ ರೊಟ್ಟಿ ಅಗಿಯಬೇಕಾದ ಹಲ್ಲು. ಈ ಒಂದು ಸಂಗತಿಯನ್ನು ಹೇಳುವವರಿಲ್ಲದೆ ಎಷ್ಟೋ ಮಕ್ಕಳು ಹತ್ತು ಹನ್ನೆರಡು ವರ್ಷಕ್ಕೇ ಆ ಹಲ್ಲನ್ನು ಕಳೆದುಕೊಳ್ಳುವರು.

ಗಂಡಸರ ಬಾಯಿಯ ಸ್ಥಿತಿಯು ಇನ್ನೂ ಕಳವಳಕಾರಿಯಾದದ್ದು. ತಾಂಬೂಲವು ನಮ್ಮಲ್ಲಿ ಗೌರವದ ವಸ್ತು. ಬಸವಣ್ಣನವರ ಬಳಿಯಲ್ಲಿ ಹಡಪದ ಕಾಯಕವನ್ನು ಮಾಡಿದ ಅಪ್ಪಣ್ಣನವರು ನಮಗೆ ಪೂಜ್ಯರು. ಆದರೆ ಇಂದು ಹುಡುಗರ ಕಿಸೆಯಲ್ಲಿರುವ ಪಾಕೀಟು ಆ ತಾಂಬೂಲವಲ್ಲ. ಅಡಿಕೆ, ತಂಬಾಕು, ಸುಣ್ಣ ಕೂಡಿದ ಪುಡಿಯನ್ನು ತುಟಿಯೊಳಗಿಟ್ಟುಕೊಂಡು ದಿನಗಳೆಯುವವರ ಬಾಯಿಯ ಒಳಪದರು ಬರಬರುತ್ತ ನಾರಿನಂತೆ ಬಿಗಿದು, ಕೊನೆಗೆ ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯದಂತಾಗುವದು. ಅಲ್ಲಿಂದ ಮುಂದೆ ಅರ್ಬುದ ರೋಗ, ಅಂದರೆ ಕ್ಯಾನ್ಸರು. ಜಾಗತಿಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುವದೆಂದು ೨೦೦೪ರಲ್ಲಿ ಪ್ರಕಟಿಸಿದೆ. ಕರ್ನಾಟಕ ಸರಕಾರವು ೨೦೧೩ರಲ್ಲಿ ಗುಟಕಾವನ್ನು ನಿಷೇಧಿಸಿತು. ಆದರೆ ನಿಷೇಧದ ಆಜ್ಞೆಯು ಅಂಗಡಿಯ ಬಾಗಿಲಿಗೆ ಮುಟ್ಟಬಹುದೇ ಹೊರತು ಮನುಷ್ಯನ ಬಾಯಿಯ ಒಳಗೆ ಇಣಿಕಿ ನೋಡಲಾರದು. ಬಿಳಿಯ ಕಲೆಯೊಂದು ಮೂಡಿದಾಗಲೇ ಕಂಡು, "ಅಣ್ಣಾ, ಇದನ್ನು ತೋರಿಸಿಕೊಳ್ಳಬೇಕು" ಎಂದು ಹೇಳುವ ಕಣ್ಣು ಬೇಕು. ಆ ಕಣ್ಣು ನಮ್ಮ ಮನೆಯ ಮಗಳದೇ ಏಕಾಗಬಾರದು?

ಹಾಗಾದರೆ ದಂತದಾದಿಯ ಕೆಲಸವೆಂದರೇನು? ಹಲ್ಲು ಕೀಳಿಸಿಕೊಳ್ಳಲು ಬಂದ ರೋಗಿಯೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಅವನು ಕುರ್ಚಿಯಲ್ಲಿ ಕೂಡ್ರುವ ಮುಂಚೆಯೇ ಆಕೆಯ ಕೆಲಸ ಆರಂಭವಾಗಿರುವದು. ಕುರ್ಚಿಯನ್ನೂ ದೀಪದ ಹಿಡಿಕೆಯನ್ನೂ ಒರಸಿ, ಶುದ್ಧಗೊಳಿಸಿದ ಉಪಕರಣಗಳನ್ನು ಸಾಲಾಗಿ ಇಟ್ಟಿರುವಳು. ಸಕ್ಕರೆ ರೋಗವಿದೆಯೇ, ರಕ್ತದ ಒತ್ತಡವಿದೆಯೇ, ಹೃದಯಕ್ಕೆ ಔಷಧ ನಡೆದಿದೆಯೇ, ಯಾವದಾದರೂ ಮದ್ದು ಒಗ್ಗುವದಿಲ್ಲವೇ ಎಂದು ಕೇಳಿ ಬರೆದುಕೊಳ್ಳುವಳು. ಈ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನು ಬಿಟ್ಟರೂ ಜೀವಕ್ಕೆ ಅಪಾಯ ಬರಬಹುದು. ವೈದ್ಯರು ಕೆಲಸಕ್ಕೆ ಕೈಹಚ್ಚಿದಾಗ ನಳಿಕೆಯಿಂದ ಜೊಲ್ಲನ್ನೂ ರಕ್ತವನ್ನೂ ಎಳೆದು ಬಾಯಿ ಕಾಣುವಂತೆ ಮಾಡುವಳು; ಕೇಳುವ ಮುಂಚೆಯೇ ಬೇಕಾದ ಉಪಕರಣವನ್ನು ಕೈಗೆ ಕೊಡುವಳು; ತುಂಬತಕ್ಕ ಸಿಮೆಂಟನ್ನು ತಕ್ಕ ಹದಕ್ಕೆ ಕಲಸುವಳು. ಹದ ತಪ್ಪಿದರೆ ತುಂಬಿದ್ದು ನಿಲ್ಲುವದಿಲ್ಲ. ಇದನ್ನು ನಾಲ್ಕು ಕೈಗಳ ಚಿಕಿತ್ಸೆಯೆಂದು ಕರೆಯುವರು. ಇವುಗಳಲ್ಲಿ ಎರಡು ಕೈ ವೈದ್ಯರವು, ಎರಡು ಕೈ ದಾದಿಯವು.

ಕೆಲಸ ಮುಗಿದ ಮೇಲೆ ರೋಗಿಗೆ ತಿಳಿಹೇಳುವವಳೂ ಆಕೆಯೇ. ಹತ್ತಿಯ ಉಂಡೆಯನ್ನು ಅರ್ಧ ಮುಕ್ಕಾಲು ತಾಸು ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಆ ದಿವಸ ಪದೇ ಪದೇ ಉಗುಳಬಾರದು, ಮುಕ್ಕಳಿಸಬಾರದು, ಬಿಸಿಯಾದದ್ದನ್ನು ಉಣ್ಣಬಾರದು, ತಂಬಾಕನ್ನು ಮುಟ್ಟಕೂಡದು. ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿಯು ರಾಣೇಬೆನ್ನೂರಿನ ಸಂತೆಗೆ ಬಂದ ಮುದುಕಿಗೆ ಏನು ತಿಳಿಸೀತು? "ಯವ್ವಾ, ಇವತ್ತು ಉಗುಳಬ್ಯಾಡ್ರಿ, ಉಗುಳಿದಷ್ಟೂ ರಕ್ತ ಬರತೈತಿ" ಎಂಬ ಒಂದು ಮಾತು ಆ ಚೀಟಿಗಿಂತ ಮೇಲು. ಅಳುವ ಮಗುವನ್ನು ಸಂತೈಸುವದು, ಹೆದರಿದ ಹೆಣ್ಣುಮಗಳ ಕೈ ಹಿಡಿದು ಧೈರ್ಯ ಹೇಳುವದು ಇವೂ ಆಕೆಯ ಪಾಲಿನ ಕೆಲಸಗಳೇ.

ಈಗ ಆಕ್ಷೇಪಣೆಯ ಮಾತಿಗೆ ಬರುವೆನು. ನಮ್ಮ ಅನೇಕ ಮನೆಗಳಲ್ಲಿ, "ಬೇರೆ ಯಾವ ಕೆಲಸವಾದರೂ ಆಗಲಿ, ಮಂದಿಯ ಎಂಜಲಿನಲ್ಲಿ ಕೈಯಾಡಿಸುವ ಕೆಲಸ ನಮ್ಮ ಮಗಳಿಗೆ ಬೇಡ" ಎನ್ನುವರು. ಎದುರಿಗೆ ಹೇಳದಿದ್ದರೂ ಮನಸ್ಸಿನಲ್ಲಿ ಅನ್ನುವರು; ಮದುವೆಯ ಮಾತು ಬಂದಾಗ ಬೀಗರಾಗತಕ್ಕವರು ಅನ್ನುವರು. ನನ್ನ ಭಾಷಣದ ತಿರುಳೆಲ್ಲ ಈ ಒಂದು ಮಾತಿನ ಉತ್ತರದಲ್ಲಿದೆ. ಆದುದರಿಂದ ದಯವಿಟ್ಟು ಲಕ್ಷ್ಯಗೊಟ್ಟು ಕೇಳಬೇಕು.

ಶರಣರು ಅಲ್ಲಗಳೆದ ಸೂತಕಗಳು ಐದು. ಜನನಸೂತಕ, ಮರಣಸೂತಕ, ರಜಸ್ಸೂತಕ, ಜಾತಿಸೂತಕ, ಉಚ್ಛಿಷ್ಟಸೂತಕ. ಉಚ್ಛಿಷ್ಟವೆಂದರೆ ಎಂಜಲು. ಇಷ್ಟಲಿಂಗವನ್ನು ಧರಿಸಿದ ಅಂಗಕ್ಕೆ ಈ ಐದೂ ಇಲ್ಲವೆಂದು ದೀಕ್ಷೆಯ ಕಾಲಕ್ಕೆ ನಮಗೆ ಬೋಧಿಸಿದ್ದಾರೆ. ಹುಟ್ಟಿದ ಮನೆಗೂ ಸತ್ತ ಮನೆಗೂ ಮೈಲಿಗೆಯಿಲ್ಲವೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಹಾಗಿರುವಾಗ ನೋವಿನಿಂದ ನರಳುವವನ ಬಾಯಿಯನ್ನು ಮುಟ್ಟಿದ ಕೈಗೆ ಮಾತ್ರ ಎಲ್ಲಿಂದ ಮೈಲಿಗೆ ಬಂದಿತು? ನಾಲ್ಕು ಸೂತಕಗಳನ್ನು ಹೊರಗೆ ಹಾಕಿ ಐದನೆಯದನ್ನು ಒಳಗೆ ಬಚ್ಚಿಟ್ಟುಕೊಂಡರೆ ಅದು ಶರಣಧರ್ಮವಾಗಲಾರದು. ಈ ಕೆಲಸವು ನಮ್ಮನ್ನು ಒರೆಗೆ ಹಚ್ಚುವದೆಂದು ಆರಂಭದಲ್ಲಿ ಹೇಳಿದ್ದು ಇದೇ ಕಾರಣಕ್ಕಾಗಿ.

ಸೂತಕವಿಲ್ಲವೆಂದ ಮಾತ್ರಕ್ಕೆ ಸ್ವಚ್ಛತೆ ಬೇಡವೆಂದರ್ಥವಲ್ಲ. ಇವೆರಡರ ಭೇದವನ್ನು ದಂತದಾದಿಯಷ್ಟು ಚೆನ್ನಾಗಿ ಬಲ್ಲವರು ವಿರಳ. ಜೊಲ್ಲಿನಲ್ಲಿಯೂ ರಕ್ತದಲ್ಲಿಯೂ ರೋಗದ ಬೀಜಗಳಿರಬಹುದು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗವು ರಕ್ತದ ಸಂಪರ್ಕದಿಂದ ಹರಡುವದು. ಅದಕ್ಕಾಗಿ ದಾದಿಯು ಮೊದಲೇ ಆರು ತಿಂಗಳಲ್ಲಿ ಮೂರು ಸಲ ಲಸಿಕೆ ಹಾಕಿಸಿಕೊಂಡಿರಬೇಕು. ಕೈಗೆ ಗವಸು, ಮೂಗುಬಾಯಿಗೆ ಮುಸುಕು, ಕಣ್ಣಿಗೆ ಕನ್ನಡಕ ಬೇಕು. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಕೂಡದು. ಉಪಕರಣಗಳನ್ನು ಮೊದಲು ತೊಳೆದು ಉಜ್ಜಿ, ಅನಂತರ ಆಟೋಕ್ಲೇವ್ ಎಂಬ ಉಗಿಯ ಪಾತ್ರೆಯಲ್ಲಿ ೧೨೧ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ೧೫ ಪೌಂಡಿನ ಒತ್ತಡದಲ್ಲಿ ಕಡಿಮೆಯೆಂದರೆ ೧೫ ನಿಮಿಷ ಇಡಬೇಕು. ಬರಿಯ ಕುದಿಯುವ ನೀರು ಸಾಲದು. ಕೆಲವು ಸೂಕ್ಷ್ಮಜೀವಿಗಳ ಬೀಜಗಳು ಆ ಕಾವಿಗೆ ಸಾಯುವದಿಲ್ಲ.

ಇಲ್ಲಿಯೇ ಗಮನಿಸತಕ್ಕ ಒಂದು ಸೊಗಸಾದ ನಿಯಮವಿದೆ. ಯಾರಿಗೆ ರೋಗವಿದೆ, ಯಾರಿಗೆ ಇಲ್ಲ ಎಂದು ಮುಖ ನೋಡಿ ತಿಳಿಯುವದು ಅಶಕ್ಯವಾದ್ದರಿಂದ ಎಲ್ಲರ ವಿಷಯದಲ್ಲಿಯೂ ಒಂದೇ ಎಚ್ಚರವನ್ನು ವಹಿಸಬೇಕೆಂದು ಆಧುನಿಕ ವೈದ್ಯಶಾಸ್ತ್ರವು ವಿಧಿಸಿದೆ. ಸಾಹುಕಾರನ ಬಾಯಿಗೂ ಅದೇ ಗವಸು, ಕೂಲಿಯವನ ಬಾಯಿಗೂ ಅದೇ ಗವಸು. ಮೇಲುಜಾತಿಯವನೆಂದು ಉಗಿಯ ಪಾತ್ರೆಯ ಕಾವನ್ನು ಇಳಿಸುವಂತಿಲ್ಲ, ಕೀಳುಜಾತಿಯವನೆಂದು ಏರಿಸುವಂತಿಲ್ಲ. ಮೈಲಿಗೆಯ ಶಾಸ್ತ್ರವು ಮನುಷ್ಯನನ್ನು ನೋಡಿ ಭೇದವೆಣಿಸುವದು. ಸ್ವಚ್ಛತೆಯ ಶಾಸ್ತ್ರವು ಎಲ್ಲರನ್ನೂ ಒಂದೇ ಸಮನಾಗಿ ಕಾಣುವದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಹಿರಿಯರು ಬೋಧಿಸಿದ ಸಮತೆಯನ್ನು ದಂತದಾದಿಯು ದಿನಕ್ಕೆ ಇಪ್ಪತ್ತು ಸಲ, ಇಪ್ಪತ್ತು ಬಾಯಿಗಳ ಮುಂದೆ ಆಚರಿಸುವಳು. ಇದಕ್ಕಿಂತ ಶುಚಿಯಾದ ಕಾಯಕವು ಯಾವದು?

ಈ ಕೆಲಸವು ಜಗತ್ತಿನಲ್ಲಿ ಹೇಗೆ ಬೆಳೆದು ಬಂದಿತೆಂಬದನ್ನು ಸಂಕ್ಷೇಪವಾಗಿ ತಿಳಿಸುವೆನು. ಅಮೆರಿಕಾದ ನ್ಯೂ ಆರ್ಲಿಯನ್ಸ್ ಪಟ್ಟಣದ ದಂತವೈದ್ಯ ಎಡ್ಮಂಡ್ ಕೆಲ್ಸ್ ಎಂಬವರು ೧೮೮೫ರಲ್ಲಿ ಮಾಲ್ವಿನಾ ಕ್ಯುರಿಯಾ ಎಂಬ ತರುಣಿಯನ್ನು ಸಹಾಯಕ್ಕೆ ಇಟ್ಟುಕೊಂಡರು. ಅಲ್ಲಿಯ ಹೆಂಗಸರು ಆಗ ಒಬ್ಬರೇ ವೈದ್ಯರ ಕೋಣೆಗೆ ಬರಲು ಸಂಕೋಚಪಡುತ್ತಿದ್ದರು. ಒಳಗೆ ಹೆಣ್ಣುಮಗಳೊಬ್ಬಳು ಇರುವಳೆಂದು ತಿಳಿದ ಮೇಲೆ ಧೈರ್ಯವಾಗಿ ಬರಹತ್ತಿದರು. ಮುಂದೆ ಕನೆಕ್ಟಿಕಟ್ ಪ್ರಾಂತದ ಬ್ರಿಜ್‌ಪೋರ್ಟಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ವೈದ್ಯರು ೧೯೦೬ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಎಂಬವಳಿಗೆ ಹಲ್ಲಿನ ಕಿಟ್ಟ ತೆಗೆದು ಶುಚಿಗೊಳಿಸುವದನ್ನು ಕಲಿಸಿದರು. ೧೯೧೩ರಲ್ಲಿ ಇದಕ್ಕಾಗಿಯೇ ಒಂದು ಶಾಲೆಯನ್ನು ತೆರೆದರು. ಅಲ್ಲಿ ಕಲಿತ ಹೆಣ್ಣುಮಕ್ಕಳು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲುಗಳನ್ನು ಕಾಯ್ದರು. ನ್ಯೂಜಿಲಂಡ್ ದೇಶದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯಕ್ಕೆ ಸೇರಬಂದ ತರುಣರ ಹಲ್ಲುಗಳು ತೀರ ಕೆಟ್ಟಿರುವದನ್ನು ಕಂಡು, ಥಾಮಸ್ ಹಂಟರ್ ಎಂಬವರ ನೇತೃತ್ವದಲ್ಲಿ ೧೯೨೧ರಲ್ಲಿ ವೆಲಿಂಗ್ಟನ್ನಿನಲ್ಲಿ ಶಾಲಾ ದಂತದಾದಿಯರಿಗೆ ಎರಡು ವರ್ಷಗಳ ಶಿಕ್ಷಣವನ್ನು ಆರಂಭಿಸಿದರು. ಹಳ್ಳಿಗಾಡಿನ ಶಾಲೆಗಳಲ್ಲಿ ಮಕ್ಕಳ ಹಲ್ಲು ತುಂಬುವ ಕೆಲಸವನ್ನು ಈ ದಾದಿಯರೇ ವಹಿಸಿಕೊಂಡರು. ಇಂಗ್ಲಂಡಿನಲ್ಲಿ ೨೦೦೮ರಿಂದ ಕೌನ್ಸಿಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲದವರು ದಂತದಾದಿಯೆಂದು ಕರೆದುಕೊಳ್ಳುವಂತಿಲ್ಲ.

ನಮ್ಮ ದೇಶದಲ್ಲಿ ಡಾ. ರಫೀಉದ್ದೀನ್ ಅಹಮದ್ ಅವರು ೧೯೨೦ರಲ್ಲಿ ಕಲಕತ್ತೆಯಲ್ಲಿ ಮೊದಲನೆಯ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ಮರುವರುಷವೇ, ಅಂದರೆ ೧೯೪೮ರಲ್ಲಿ, ದಂತವೈದ್ಯರ ಕಾಯದೆಯಾಯಿತು. ೧೯೪೯ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ಏರ್ಪಟ್ಟಿತು. ನಮ್ಮ ನಾಡಿನಲ್ಲಿ ಬೆಂಗಳೂರಿನ ಸರಕಾರಿ ದಂತ ಕಾಲೇಜು ೧೯೫೮ರಲ್ಲಿಯೂ, ದಾವಣಗೆರೆಯ ಬಾಪೂಜಿ ದಂತ ಕಾಲೇಜು ೧೯೭೯ರಲ್ಲಿಯೂ, ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜು ೧೯೮೬ರಲ್ಲಿಯೂ ಹುಟ್ಟಿದವು. ರಾಣೇಬೆನ್ನೂರಿನಲ್ಲಿ ರೈಲು ಹತ್ತಿದರೆ ಒಂದು ದಿಕ್ಕಿಗೆ ದಾವಣಗೆರೆ, ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿ ಧಾರವಾಡ. ದೂರದ ಮಾತು ಇದಲ್ಲ.

ಈಗ ಮಾರ್ಗದ ವಿಚಾರ. ಇದನ್ನು ತಾಯಿತಂದೆಗಳು ಸರಿಯಾಗಿ ತಿಳಿದುಕೊಳ್ಳದಿದ್ದರೆ ಮಗಳಿಗೆ ನಷ್ಟ ಬರುವದು. ೧೯೪೮ರ ಕಾಯದೆಯಲ್ಲಿ ಮೂರು ತರದವರಿಗೆ ಸರಕಾರಿ ಪಟ್ಟಿಗಳನ್ನು ಗೊತ್ತುಪಡಿಸಿದರು. ಒಬ್ಬರು ದಂತವೈದ್ಯರು, ಇನ್ನೊಬ್ಬರು ಡೆಂಟಲ್ ಹೈಜಿನಿಸ್ಟ್, ಅಂದರೆ ಹಲ್ಲುಗಳ ಕಿಟ್ಟ ತೆಗೆದು ಶುಚಿಮಾಡುವವರು ಮತ್ತು ಬಾಯಿಯ ಆರೋಗ್ಯವನ್ನು ಬೋಧಿಸುವವರು, ಮೂರನೆಯವರು ಡೆಂಟಲ್ ಮೆಕ್ಯಾನಿಕ್, ಅಂದರೆ ಹಲ್ಲಿನ ಕಟ್ಟುಗಳನ್ನು ತಯಾರಿಸುವವರು. ದಂತದಾದಿಯೆಂಬ ಹೆಸರು ಆ ಕಾಯದೆಯಲ್ಲಿಲ್ಲ. ಆ ಕಾಯದೆಯ ಸ್ಥಾನದಲ್ಲಿ ತರಲೆಂದು ೨೦೨೩ರಲ್ಲಿ ಪಾರ್ಲಿಮೆಂಟು ಮಾಡಿದ ರಾಷ್ಟ್ರೀಯ ದಂತ ಆಯೋಗದ ಕಾಯದೆಯಲ್ಲಿಯೂ ದಂತವೈದ್ಯರ ಸಹಾಯಕ ವೃತ್ತಿಯವರಿಗೆ ಪಟ್ಟಿಯಲ್ಲಿ ಸ್ಥಾನವನ್ನು ಇಟ್ಟಿದ್ದಾರೆ. ಇದರ ಅರ್ಥವೇನೆಂದರೆ, ಯಾವ ಶಿಕ್ಷಣವೂ ಇಲ್ಲದೆ ದವಾಖಾನೆಗೆ ಸೇರಿಕೊಂಡ ಹುಡುಗಿ ಹತ್ತು ವರ್ಷ ದುಡಿದರೂ ಹೆಲ್ಪರ್ ಆಗಿಯೇ ಉಳಿಯುವಳು. ಎರಡು ವರ್ಷ ಹೈಜಿನಿಸ್ಟ್ ಶಿಕ್ಷಣವನ್ನು ಪಡೆದವಳು ಪಟ್ಟಿಯಲ್ಲಿ ಹೆಸರುಳ್ಳವಳಾಗಿ, ತನ್ನ ಕೈಯಿಂದ ತಾನೇ ಚಿಕಿತ್ಸೆಯ ಒಂದು ಭಾಗವನ್ನು ಮಾಡಲು ಅಧಿಕಾರ ಪಡೆಯುವಳು. ಅದಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿರಬೇಕು. ಎಲ್ಲ ದಂತ ಕಾಲೇಜುಗಳಲ್ಲಿಯೂ ಈ ತರಗತಿಯಿರುವದಿಲ್ಲ. ಎಲ್ಲಿದೆಯೆಂಬದನ್ನು ವಿಚಾರಿಸಿ ತಿಳಿಯಬೇಕು. ಆದುದರಿಂದ ಹತ್ತನೆಯ ತರಗತಿ ಮುಗಿದೊಡನೆ "ದವಾಖಾನೆಯಲ್ಲಿ ಕೆಲಸ ಸಿಕ್ಕಿದೆ" ಎಂದು ಮಗಳ ಓದನ್ನು ನಿಲ್ಲಿಸಬಾರದು. ಇನ್ನು ನಾಲ್ಕು ವರ್ಷ ತಡೆದರೆ ಅದೇ ಕೆಲಸಕ್ಕೆ ಬೆಲೆ ಬರುವದು.

ಮೂರು ತಿಂಗಳಲ್ಲಿ ಸರ್ಟಿಫಿಕೇಟು ಕೊಡುವೆವೆಂದು ಹಣ ಕೇಳುವವರು ಪಟ್ಟಣಗಳಲ್ಲಿ ಇರುವರು. ಅಲ್ಲಿ ಸೇರಿಸುವ ಮುಂಚೆ, "ಇದು ಮಾನ್ಯತೆ ಪಡೆದ ಶಿಕ್ಷಣವೇ? ಇದರಿಂದ ಪಟ್ಟಿಯಲ್ಲಿ ಹೆಸರು ಬರುವದೇ?" ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆಗೆ ಹೊಲ ಅಡವಿಡಬಾರದು. ಬಡತನದಿಂದ ಈಗಲೇ ಕೆಲಸಕ್ಕೆ ಹೋಗಲೇಬೇಕಾದ ಹುಡುಗಿಯೂ ಮೂರು ಸಂಗತಿಗಳನ್ನು ಕೇಳಿಯೇ ಹೋಗಬೇಕು. ಹೆಪಟೈಟಿಸ್ ಲಸಿಕೆಯನ್ನು ಹಾಕಿಸುವರೇ? ಉಪಕರಣ ಶುದ್ಧಿಗೆ ಉಗಿಯ ಪಾತ್ರೆಯಿದೆಯೇ, ಗವಸುಗಳನ್ನು ಪ್ರತಿಯೊಬ್ಬ ರೋಗಿಗೂ ಬದಲಿಸುವರೇ? ಎಕ್ಸ್‌ರೇ ತೆಗೆಯುವಾಗ ದೂರ ನಿಲ್ಲಲು ಸ್ಥಳವಿದೆಯೇ? ಈ ಮೂರಕ್ಕೂ ಉತ್ತರ ಇಲ್ಲವೆಂದಾದರೆ ಸಂಬಳ ಎಷ್ಟೇ ಇರಲಿ, ಆ ಹೊಸ್ತಿಲನ್ನು ದಾಟಬಾರದು.

ಸಂಬಳದ ವಿಷಯವನ್ನು ಮುಚ್ಚಿಡುವದು ಸರಿಯಲ್ಲ. ಆರಂಭದಲ್ಲಿ ಈ ಕೆಲಸಕ್ಕೆ ಸಂಬಳ ಕಡಿಮೆ. ಶಿಕ್ಷಣವಿಲ್ಲದವಳಿಗಂತೂ ಕೂಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. "ಕಾಯಕವೆಂದರೆ ನಿಷ್ಕಾಮ ಸೇವೆಯಲ್ಲವೇ, ಸಂಬಳ ಕೇಳಬಹುದೇ?" ಎಂದು ಕೆಲವು ಜಾಣರು ಹೇಳುವದುಂಟು. ಆಯ್ದಕ್ಕಿ ಲಕ್ಕಮ್ಮನವರ ಕಥೆಯು ನಿಮಗೆಲ್ಲ ತಿಳಿದಿದೆ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮ್ಮ ಕಾಯಕಕ್ಕೆ ಸಲ್ಲತಕ್ಕುದಕ್ಕಿಂತ ಮಿಗಿಲಾದದ್ದು ಬೇಡವೆಂದು ಆ ತಾಯಿ ಹಿಂದಕ್ಕೆ ಕಳಿಸಿದಳು. ಆಕೆಯು ಸಲ್ಲತಕ್ಕ ಪಾಲನ್ನು ಬೇಡವೆನ್ನಲಿಲ್ಲವೆಂಬದನ್ನೂ ಲಕ್ಷ್ಯದಲ್ಲಿಡಬೇಕು. ಹೆಚ್ಚಿಗೆ ತೆಗೆದುಕೊಳ್ಳುವದು ಹೇಗೆ ತಪ್ಪೋ, ದುಡಿದವಳಿಗೆ ಕಡಿಮೆ ಕೊಡುವದೂ ಹಾಗೆಯೇ ತಪ್ಪು. ಸಭೆಯಲ್ಲಿ ವೈದ್ಯರು ಯಾರಾದರೂ ಇದ್ದರೆ ಅವರಿಗೆ ನನ್ನ ವಿನಂತಿಯಿಷ್ಟೇ. ನಾಲ್ಕು ಕೈಗಳ ಚಿಕಿತ್ಸೆಯಲ್ಲಿ ಎರಡು ಕೈಗಳನ್ನು ಮರೆಯಬೇಡಿರಿ.

ಮಾನ್ಯತೆಯ ವಿಷಯವೂ ಹಾಗೆಯೇ. ಒಂದು ಕಾಲಕ್ಕೆ ನಮ್ಮಲ್ಲಿ "ನರ್ಸಬಾಯಿ" ಎಂಬ ಮಾತನ್ನು ಹಗುರವಾಗಿ ಆಡುತ್ತಿದ್ದರು. ಆರಂಭದ ಕಾಲದಲ್ಲಿ ಆ ಕೆಲಸಕ್ಕೆ ಮುಂದೆ ಬಂದವರು ಹೆಚ್ಚಾಗಿ ಕ್ರೈಸ್ತ ಸಮಾಜದ ಹೆಣ್ಣುಮಕ್ಕಳು. ಬೇನೆ ಬಂದಾಗ ಅವರ ಕೈಯಿಂದ ಔಷಧವನ್ನು ಕುಡಿದು, ಗುಣವಾಗಿ ಮನೆಗೆ ಬಂದ ಮೇಲೆ ಅವರ ಕೆಲಸವನ್ನು ಹಳಿದವರು ನಾವೇ. ಇಂದು ದಾದಿಯಾದ ಮಗಳನ್ನು ಕುರಿತು ಹೆಮ್ಮೆಪಡುವ ಮನೆಗಳು ನಮ್ಮ ತಾಲೂಕಿನಲ್ಲಿ ಎಷ್ಟಿಲ್ಲ? ದಂತದಾದಿಗೂ ಆ ದಿನ ಬರಲೇಬೇಕು. ಅದು ಬೇಗ ಬರುವದೂ ತಡವಾಗಿ ಬರುವದೂ ಇಲ್ಲಿ ಕುಳಿತ ಅತ್ತೆಯಂದಿರ ಮಾತಿನ ಮೇಲಿದೆ. ವಧುವನ್ನು ನೋಡಲು ಹೋದಾಗ "ಹುಡುಗಿ ಏನು ಕೆಲಸ ಮಾಡತಾಳ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮುಖ ತಿರುವದಿದ್ದರೆ ಅದೇ ದೊಡ್ಡ ಉಪಕಾರವು.

ನಮ್ಮ ಹೆಣ್ಣುಮಕ್ಕಳ ಕೈಗೆ ಇಂಥ ಸೂಕ್ಷ್ಮ ಕೆಲಸ ಬಂದೀತೇ ಎಂದು ಸಂಶಯಪಡುವವರು ಒಮ್ಮೆ ರಾಣೇಬೆನ್ನೂರ ಸೀಮೆಯ ಬೀಜದ ಹೊಲಗಳಿಗೆ ಹೋಗಿ ನೋಡಲಿ. ಹತ್ತಿಯ ಕ್ರಾಸಿಂಗ್ ಕಾಲದಲ್ಲಿ ಸಂಜೆಯ ಹೊತ್ತು ಮೊಗ್ಗಿನೊಳಗಿನ ಗಂಡುಕೇಸರವನ್ನು ಹೆಣ್ಣುಭಾಗಕ್ಕೆ ಗಾಯವಾಗದಂತೆ ಉಗುರಿನಿಂದ ಬಿಡಿಸಿ, ಮರುದಿನ ಮುಂಜಾನೆ ಬೇರೆ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸುವವರು ಯಾರು? ನಮ್ಮ ಹೆಣ್ಣುಮಕ್ಕಳೇ. ಬ್ಯಾಡಗಿಯ ಮೆಣಸಿನಕಾಯಿಯ ತೊಟ್ಟನ್ನು ಬೀಜ ಉದುರದಂತೆ ಬಿಡಿಸುವವರು ಯಾರು? ಅವರೇ. ಸಾವಿರ ಹೂವುಗಳಲ್ಲಿ ಒಂದನ್ನೂ ಕೆಡಿಸದ ಬೆರಳುಗಳಿಗೆ ಮೂವತ್ತೆರಡು ಹಲ್ಲುಗಳು ಹೆಚ್ಚೇ? ಆ ಬೆರಳುಗಳಿಗೆ ಜಾಣ್ಮೆಯನ್ನು ಶಿವನು ಕೊಟ್ಟಿದ್ದಾನೆ. ಶಿಕ್ಷಣವನ್ನು ನಾವು ಕೊಡಬೇಕು.

ಕಡೆಯದಾಗಿ ಶ್ರೀಮಠದ ಸನ್ನಿಧಿಯಲ್ಲಿ ಎರಡು ವಿಜ್ಞಾಪನೆಗಳು. ವಿದ್ಯೆಯನ್ನು ಬೆಳೆಸುವದು ನಮ್ಮ ಮಠಗಳಿಗೆ ಹೊಸತಲ್ಲ. ಇದೇ ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ೧೮೬೭ರಲ್ಲಿ ಅವತರಿಸಿದ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ೧೯೦೪ರಲ್ಲಿ ಮಹಾಸಭೆಯನ್ನೂ ೧೯೦೯ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿ, ಊರೂರು ತಿರುಗಿ ಪಾಠಶಾಲೆಗಳಿಗೂ ಪ್ರಸಾದನಿಲಯಗಳಿಗೂ ದಾರಿ ಮಾಡಿದರು. ಮಹಾಸ್ವಾಮಿಗಳ ಆ ಹೆಜ್ಜೆಯಲ್ಲಿ ನಡೆಯುವ ಈ ಶ್ರೀಮಠವು ವರ್ಷಕ್ಕೆ ಇಬ್ಬರು ಬಡ ಹೆಣ್ಣುಮಕ್ಕಳಿಗೆ, ಯಾವ ಜಾತಿಯವರೇ ಆಗಿರಲಿ, ಈ ಎರಡು ವರ್ಷಗಳ ಶಿಕ್ಷಣದ ವೆಚ್ಚವನ್ನು ವಹಿಸಿಕೊಳ್ಳಬೇಕೆಂಬದು ಮೊದಲನೆಯ ವಿಜ್ಞಾಪನೆ. ಕಲಿತವಳು ಮರಳಿ ಬಂದು ವರ್ಷಕ್ಕೆ ಹನ್ನೆರಡು ದಿನ, ತಿಂಗಳಿಗೆ ಒಂದರಂತೆ, ಊರಿನ ಶಾಲೆಯ ಮಕ್ಕಳ ಬಾಯಿಯನ್ನು ನೋಡುವ ವ್ರತವನ್ನು ತೊಡಲಿ. ಅದು ಆಕೆಯ ದಾಸೋಹವಾಗಲಿ.

ಎರಡನೆಯದು, ಜಾತ್ರೆಯ ಕಾಲಕ್ಕೆ ಸಹಸ್ರಾರು ಜನರು ಪ್ರಸಾದಕ್ಕೆ ಕೂಡ್ರುವ ಈ ಅಂಗಳದಲ್ಲಿ ಆ ದಿನಗಳ ಮಟ್ಟಿಗಾದರೂ ತಂಬಾಕಿನ ಪಾಕೀಟುಗಳ ಅಂಗಡಿಯು ಇರಬಾರದು. ಅದರ ಬದಲು ಒಂದು ಚಪ್ಪರದಡಿ ದಂತವೈದ್ಯರೊಬ್ಬರೂ ದಾದಿಯೊಬ್ಬಳೂ ಕುಳಿತು ಬಂದವರ ಬಾಯಿಯನ್ನು ಪರೀಕ್ಷಿಸುವಂತಾಗಬೇಕು. ಅನ್ನದಾಸೋಹದಲ್ಲಿ ನೀಡಿದ ರೊಟ್ಟಿಯನ್ನು ಅಗಿಯುವ ಹಲ್ಲನ್ನೂ ಉಳಿಸಿಕೊಟ್ಟರೆ ದಾಸೋಹವು ಪೂರ್ಣವಾಗುವದು.

ತಂಗಿಯರೇ, ನಿಮ್ಮಲ್ಲಿ ಯಾರಿಗಾದರೂ ಈ ಕೆಲಸದ ಕಡೆಗೆ ಮನಸ್ಸು ಎಳೆದರೆ ಅಂಜಬೇಡಿರಿ, ನಾಚಬೇಡಿರಿ. ಅರೆಕಲಿಕೆಯಿಂದ ಹೋಗಬೇಡಿರಿ, ಪೂರ್ಣ ಕಲಿತು ಹೋಗಿರಿ. ಎಂಜಲೆಂದು ಹಿಂದೆ ಸರಿಯಬೇಡಿರಿ, ಎಚ್ಚರವನ್ನು ಬಿಡಬೇಡಿರಿ. ನಿಮ್ಮ ಮುಂದೆ ಬಾಯಿ ತೆರೆದು ಕುಳಿತವನು ಯಾರೇ ಆಗಿರಲಿ, ಅವನು ನಿಮ್ಮನ್ನು ನಂಬಿ ಕುಳಿತಿರುವನು. ಆ ನಂಬಿಗೆಯನ್ನು ಲಿಂಗಪೂಜೆಯಷ್ಟೇ ಜಾಗ್ರತೆಯಿಂದ ಕಾಯ್ದುಕೊಳ್ಳಿರಿ.